ಪರದೇಶಿಯ ಜಮಾಖರ್ಚು

ಪರದೇಶಿ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದು ಒಂದು. ದಿಕ್ಕುದೆಸೆಯಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಇನ್ನೊಂದು. ನಮ್ಮ ಹೆಂಗಸರು ‘ಪಾಪ, ಪರದೇಶಿ’ ಎಂದು ನಿಟ್ಟುಸಿರು ಬಿಡುವಾಗ ಬಳಕೆಗೆ ಬರುವುದು ಈ ಎರಡನೆಯ ಅರ್ಥ. ಮೊದಲನೆಯದರ ಹೊಟ್ಟೆಯಿಂದಲೇ ಎರಡನೆಯದು ಹುಟ್ಟಿತೆಂದು ಊಹಿಸಲು ಭಾಷಾಶಾಸ್ತ್ರದ ಪಾಂಡಿತ್ಯವೇನೂ ಬೇಡ. ಊರು ಬಿಟ್ಟು ಬಂದವನಿಗೆ ಬಂಧುಗಳಿಲ್ಲ, ನೆಲವಿಲ್ಲ, ಸೂರಿಲ್ಲ; ಅವನು ದಿಕ್ಕಿಲ್ಲದವನಾಗದೆ ಇನ್ನೇನಾದಾನು? ಆದರೆ ಪರದೇಶಕ್ಕೆ ಹೋದವರೆಲ್ಲರೂ ಎರಡನೆಯ ಅರ್ಥದ ಪರದೇಶಿಗಳಾಗುವುದಿಲ್ಲ. ಒಂದೇ ನೆಲದಲ್ಲಿ, ಕೆಲವೊಮ್ಮೆ ಒಂದೇ ಬೀದಿಯಲ್ಲಿ, ಎರಡು ಅರ್ಥದವರೂ ಅಕ್ಕಪಕ್ಕದಲ್ಲಿ ಬಾಳುತ್ತಿರುವುದನ್ನು ನಾನು ಯೂರೋಪಿನ ಒಂದು ಸಣ್ಣ ದ್ವೀಪದಲ್ಲಿ ಕಂಡೆ. ಆ ದ್ವೀಪ ಮಾಲ್ಟಾ. ಅಲ್ಲಿ ಹೊರಗಿನವರಿಗೆ ಬದುಕಲು ಏನು ಖರ್ಚು ತಗಲುತ್ತದೆ ಎಂಬುದು ಈ ಭಾಷಣದ ವಿಷಯ.

ಹಳಗನ್ನಡದ ಪಾಠ ಹೇಳಿ ನಿವೃತ್ತನಾದವನಿಗೆ ಅರ್ಥಶಾಸ್ತ್ರದ ಈ ಉಸಾಬರಿ ಏಕೆ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸೀತು. ಕಾರಣ ಸರಳವಾದುದು. ನನ್ನ ಅಕ್ಕನ ಮಗಳು ಅಲ್ಲಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ದಾದಿಯಾಗಿದ್ದಾಳೆ. ಮ್ಸಿದ ಎಂಬ ಊರಿನಲ್ಲಿ ಮೂವರು ಹುಡುಗಿಯರು ಸೇರಿ ಮೂರು ಕೋಣೆಗಳ ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. 2025ರ ಮಾರ್ಚಿಯಲ್ಲಿ ಅವರಲ್ಲೊಬ್ಬಳು ಎರಡು ತಿಂಗಳ ರಜೆಯ ಮೇಲೆ ಊರಿಗೆ ಹೊರಟಳು. ‘ಮಾವ, ಕೋಣೆ ಖಾಲಿ ಇರ್ತದೆ, ನೀವು ಬಂದುಹೋಗಿ’ ಎಂದು ಸೋದರಸೊಸೆ ಬರೆದಳು. ಹೋದೆ. ಊರಿಗೆ ಹೋದವಳ ಪಾಲಿನ ಬಾಡಿಗೆಯನ್ನು ನಾನೇ ತೆತ್ತೆ. ಹಾಗಾಗಿ ಎರಡು ತಿಂಗಳ ಮಟ್ಟಿಗೆ ನಾನು ಅತಿಥಿಯಲ್ಲ, ಬಾಡಿಗೆದಾರ. ಹುಡುಗಿ ತನ್ನ ತಾಯಿಯಿಂದ ಒಂದು ಒಳ್ಳೆಯ ಅಭ್ಯಾಸವನ್ನು ಕಲಿತಿದ್ದಾಳೆ. ಪ್ರತಿದಿನ ಮಲಗುವ ಮುನ್ನ ಜಮಾಖರ್ಚು ಬರೆಯುತ್ತಾಳೆ. ಪುಸ್ತಕ ಓದುವುದೇ ಕಸುಬಾಗಿದ್ದ ನನಗೆ ಅಲ್ಲಿ ಓದಲು ಸಿಕ್ಕ ಅತ್ಯಂತ ಸ್ವಾರಸ್ಯವಾದ ಪುಸ್ತಕವೆಂದರೆ ಅದೇ. ಅವಳ ಅನುಮತಿ ಪಡೆದೇ ಅದರ ಒಂದೆರಡು ಪುಟಗಳನ್ನು ನಿಮ್ಮ ಮುಂದೆ ತೆರೆಯುತ್ತೇನೆ. ಅದಕ್ಕೆ ಮೊದಲು ದ್ವೀಪದ ಪರಿಚಯ ಒಂದಿಷ್ಟು ಅಗತ್ಯ.

ಸಿಸಿಲಿಯ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರು ದೂರದಲ್ಲಿ, ಮೆಡಿಟರೇನಿಯನ್ ಸಮುದ್ರದ ನಡುವೆ, ಜೇನುಬಣ್ಣದ ಸುಣ್ಣಕಲ್ಲಿನ ಕೆಲವು ದಿಬ್ಬಗಳು. ಮಾಲ್ಟಾ, ಗೋಜೊ, ಕೊಮಿನೊ ಎಲ್ಲ ಕೂಡಿ 316 ಚದರ ಕಿಲೋಮೀಟರು. ನಮ್ಮ ಬೆಂಗಳೂರು ನಗರದ ಅರ್ಧಕ್ಕಿಂತಲೂ ಕಡಿಮೆ. 1964ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಗಿ, 1974ರಲ್ಲಿ ಗಣರಾಜ್ಯವಾಗಿ, 2004ರಲ್ಲಿ ಯೂರೋಪಿಯನ್ ಒಕ್ಕೂಟವನ್ನು ಸೇರಿ, 2008ರಲ್ಲಿ ತನ್ನ ಲೀರಾ ನಾಣ್ಯವನ್ನು ಬಿಟ್ಟು ಯೂರೊವನ್ನು ಒಪ್ಪಿಕೊಂಡ ದೇಶ. ಅಲ್ಲಿ ನದಿಯಿಲ್ಲ, ಕೆರೆಯಿಲ್ಲ, ಹೇಳಿಕೊಳ್ಳುವಂಥ ಕಾಡೂ ಇಲ್ಲ. ವಲೆಟ್ಟಾ ನಗರವನ್ನು 1566ರಲ್ಲಿ ಕಟ್ಟಲು ತೊಡಗಿದ ಸಂತ ಯೋಹಾನನ ಪಂಗಡದ ವೀರರು, ಪ್ರತಿಯೊಂದು ಮನೆಯ ಅಡಿಯಲ್ಲೂ ಮಳೆನೀರಿನ ತೊಟ್ಟಿ ಇರತಕ್ಕದ್ದೆಂದು ಕಟ್ಟಳೆ ಮಾಡಿದ್ದರು. ಈಗ ನಲ್ಲಿಯಲ್ಲಿ ಬರುವ ನೀರಿನ ಅರ್ಧಕ್ಕಿಂತ ಹೆಚ್ಚು ಭಾಗ ಉಪ್ಪು ತೆಗೆದ ಸಮುದ್ರದ ನೀರು. ಅದು ಕುಡಿಯಲು ಯೋಗ್ಯವೇ, ಸಂದೇಹವಿಲ್ಲ. ಆದರೆ ಮಲೆನಾಡಿನ ಬಾವಿಯ ನೀರಿನ ರುಚಿ ಕಂಡ ನಾಲಗೆಗೆ ಅದು ಹಿಡಿಸದು. ದ್ವೀಪದವರೇ ಬಹುಮಂದಿ ಸೀಸೆಯ ನೀರನ್ನು ಕೊಳ್ಳುತ್ತಾರೆ. 2022ರ ನವೆಂಬರಿನಿಂದ ಪ್ರತಿ ಸೀಸೆಯ ಮೇಲೂ 10 ಸೆಂಟು ಠೇವಣಿ. ಖಾಲಿ ಸೀಸೆಯನ್ನು ಯಂತ್ರಕ್ಕೆ ತಿನ್ನಿಸಿದರೆ ಅದು ವಾಪಸು. ನಮ್ಮ ಹುಡುಗಿಯ ಪುಸ್ತಕದಲ್ಲಿ ಖರ್ಚಿನ ಕಡೆ ನೀರು, ಜಮೆಯ ಕಡೆ ಖಾಲಿ ಸೀಸೆ, ಎರಡೂ ತಪ್ಪದೆ ಬರುತ್ತವೆ.

ಇಂಥ ದ್ವೀಪಕ್ಕೆ ಬೆಲೆ ಎಂಬುದು ಹಡಗಿನಲ್ಲಿ ಬರುತ್ತದೆ. ಗೋಧಿ ಬರಬೇಕು, ಎಣ್ಣೆ ಬರಬೇಕು, ಹಣ್ಣು ಬರಬೇಕು. ಹಡಗಿನ ಬಾಡಿಗೆ ಏರಿದರೆ ರೊಟ್ಟಿಯ ಬೆಲೆ ಏರಿತು. ಈ ಸತ್ಯಕ್ಕಾಗಿ ಅಲ್ಲಿ ಪ್ರಾಣಗಳೇ ಹೋಗಿವೆ. ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ ಹಡಗುಕಟ್ಟೆಯಲ್ಲಿ ಕೆಲಸ ಕಳೆದುಕೊಂಡವರು ಬೀದಿಗೆ ಬಿದ್ದರು, ರೊಟ್ಟಿ ಕೈಗೆ ಎಟುಕದಂತಾಯಿತು. 1919ರ ಜೂನ್ 7ರಂದು ವಲೆಟ್ಟಾದಲ್ಲಿ ನೆರೆದ ಜನ ರೊಚ್ಚಿಗೆದ್ದು ಧಾನ್ಯವ್ಯಾಪಾರಿಗಳ ಮನೆಗಳ ಮೇಲೂ ಬಿದ್ದರು. ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಆ ಗಲಭೆಯಲ್ಲಿ ನಾಲ್ವರು ಸತ್ತರು. ನಮ್ಮ ಜಲಿಯನ್‌ವಾಲಾ ಬಾಗ್ ಕಳೆದು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಎರಡು ವರ್ಷಗಳ ಬಳಿಕ, 1921ರಲ್ಲಿ, ಮಾಲ್ಟಾಕ್ಕೆ ಆಂತರಿಕ ಸ್ವಯಮಾಡಳಿತ ದೊರೆಯಿತು. ಇಂದಿಗೂ ‘ಸೆತ್ತೆ ಜುನ್ಯೊ’, ಅಂದರೆ ಜೂನ್ ಏಳು, ಅಲ್ಲಿನ ಐದು ರಾಷ್ಟ್ರೀಯ ದಿನಗಳಲ್ಲೊಂದು. ರೊಟ್ಟಿಯ ಬೆಲೆಯನ್ನು ಕುರಿತು ರಾಷ್ಟ್ರೀಯ ಹಬ್ಬವಿರುವ ದೇಶಗಳು ಹೆಚ್ಚಿರಲಾರವು.

ಹೊರಗಿನವರ ಮಾತಿಗೆ ಬರೋಣ. ಇಂಗ್ಲಿಷರು ಆಳುವವರಾಗಿ ಇದ್ದಾಗ ಅವರು ಪರದೇಶಿಗಳಾಗಿರಲಿಲ್ಲ, ಒಡೆಯರಾಗಿದ್ದರು. ಒಡೆತನ ಮುಗಿದ ಹೊತ್ತಿನಲ್ಲಿಯೇ ಅವರು ಬೇರೊಂದು ವೇಷದಲ್ಲಿ ಬಂದರು. 1960ರ ದಶಕದಲ್ಲಿ ಮಾಲ್ಟಾದ ಸರಕಾರ ಹೊರಗಿನಿಂದ ಬಂದು ನೆಲೆಸುವವರಿಗೆ ಆದಾಯ ತೆರಿಗೆಯನ್ನು ಪೌಂಡಿಗೆ ಆರು ಪೆನ್ಸಿನಂತೆ ಗೊತ್ತುಮಾಡಿತು. ಪೌಂಡಿಗೆ 240 ಪೆನ್ಸು ಇದ್ದ ಕಾಲ. ಅಂದರೆ ನೂರಕ್ಕೆ ಎರಡೂವರೆ. ಇಂಗ್ಲೆಂಡಿನಲ್ಲಿ ತೆರಿಗೆಯ ಭಾರದಿಂದ ಬಳಲಿದವರು, ಪಿಂಚಣಿಯ ಮೇಲೆ ಬದುಕುವವರು, ವಸಾಹತುಗಳಿಂದ ಗಂಟುಮೂಟೆ ಕಟ್ಟಿದ ಅಧಿಕಾರಿಗಳು ಬಿಸಿಲನ್ನೂ ಅಗ್ಗವನ್ನೂ ಅರಸಿ ಬಂದರು. ಅವರಿಗೆ ‘ಆರು ಪೆನ್ಸಿನ ವಲಸಿಗರು’ ಎಂಬ ಅಡ್ಡಹೆಸರೇ ಬಿತ್ತು. ಹಳೆಯ ಕಲ್ಲುಮನೆಗಳು ಮಾರಾಟವಾದವು, ಹೊಸವು ಎದ್ದವು, ನಿವೇಶನದ ಬೆಲೆ ಜಿಗಿಯಿತು.

ಸಾಹಿತ್ಯಪ್ರಿಯರಿಗೆ ಪರಿಚಿತನಾದ ಒಬ್ಬನೂ ಈ ಗುಂಪಿನಲ್ಲಿದ್ದ. ಕಾದಂಬರಿಕಾರ ಆಂಥೊನಿ ಬರ್ಜೆಸ್ 1968ರಲ್ಲಿ ತೆರಿಗೆಯಿಂದ ತಪ್ಪಿಸಿಕೊಳ್ಳಲು ಮಾಲ್ಟಾಕ್ಕೆ ಬಂದು ಲಿಯಾ ಎಂಬ ಹಳ್ಳಿಯಲ್ಲಿ ಮನೆ ಕೊಂಡ. ತೆರಿಗೆ ಉಳಿಯಿತು, ನಿಜ. ಆದರೆ ಅವನಿಗೆ ಅಂಚೆಯಲ್ಲಿ ಬರುತ್ತಿದ್ದ ಪುಸ್ತಕಗಳನ್ನು ಅಲ್ಲಿನ ಸೆನ್ಸಾರಿನವರು ತಡೆಹಿಡಿಯತೊಡಗಿದರು. ಬರೆದು ಬದುಕುವವನಿಗೆ ಅದು ಸಣ್ಣ ತೆರಿಗೆಯೇ? 1970ರಲ್ಲಿ ಆತ ಅಶ್ಲೀಲತೆ ಮತ್ತು ಕಲೆ ಎಂಬ ವಿಷಯವಾಗಿ ಅಲ್ಲಿಯೇ ಉಪನ್ಯಾಸ ಮಾಡಿದ. ಬಳಿಕ ದ್ವೀಪ ಬಿಟ್ಟ. 1974ರಲ್ಲಿ ಸರಕಾರ ಅವನ ಮನೆಯನ್ನು ವಶಪಡಿಸಿಕೊಂಡಿತು. ಆದರೂ 1980ರಲ್ಲಿ ಹೊರಬಂದ ಅವನ ದೊಡ್ಡ ಕಾದಂಬರಿ ‘ಅರ್ತ್ಲಿ ಪವರ್ಸ್’ ಆರಂಭವಾಗುವುದು ಮಾಲ್ಟಾದ ಮನೆಯಲ್ಲಿಯೇ. ಅಗ್ಗದ ಊರೆಂದು ಬಂದವನು ಬೇರೆ ನಾಣ್ಯದಲ್ಲಿ ಬೆಲೆ ತೆತ್ತ ಪ್ರಸಂಗ ಇದು. ಅವನ ಬಗೆಗೆ ನನಗೆ ಬಹಳ ಮರುಕವೇನೂ ಇಲ್ಲ. ಹೋಗಲು ಅವನಿಗೆ ಬೇರೆ ದೇಶಗಳಿದ್ದವು.

ಆರು ಪೆನ್ಸಿನ ವಂಶ ಇನ್ನೂ ನಿಂತಿಲ್ಲ. ಯೂರೋಪಿಯನ್ ಒಕ್ಕೂಟದ ಹೊರಗಿನ ಶ್ರೀಮಂತರಿಗಾಗಿ 2013ರಲ್ಲಿ ಜಾರಿಗೆ ಬಂದ ಯೋಜನೆಯೊಂದು, ಅವರು ಹೊರದೇಶದಿಂದ ತರಿಸಿಕೊಳ್ಳುವ ಆದಾಯಕ್ಕೆ ನೂರಕ್ಕೆ 15ರಂತೆ ತೆರಿಗೆ ಗೊತ್ತುಪಡಿಸಿತು. ಅದರ ಷರತ್ತುಗಳನ್ನು ಓದುತ್ತಿದ್ದಾಗ ಒಂದು ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. ಮನೆ ಕೊಳ್ಳದೆ ಬಾಡಿಗೆಗೆ ಇರುವವನು ವರ್ಷಕ್ಕೆ 9,600 ಯೂರೊಗಿಂತ ಕಡಿಮೆಯಲ್ಲದ ಬಾಡಿಗೆಯ ಮನೆಯಲ್ಲಿ ಇರತಕ್ಕದ್ದು. ದ್ವೀಪದ ದಕ್ಷಿಣದಲ್ಲೋ ಗೋಜೊದಲ್ಲೋ ಆದರೆ 8,750. ಬಾಡಿಗೆಗೆ ಮೇಲಿನ ಮಿತಿಯನ್ನು ಹಾಕುವ ಕಾನೂನುಗಳನ್ನು ನಾವು ಕೇಳಿದ್ದೇವೆ. ಇಷ್ಟಕ್ಕಿಂತ ಕಡಿಮೆ ಕೊಡಕೂಡದೆಂಬ ಕಾನೂನನ್ನು ನಾನು ಕಂಡದ್ದು ಅದೇ ಮೊದಲು. ತಿಂಗಳಿಗೆ 800 ಯೂರೊ ಅವನಿಗೆ ಕನಿಷ್ಠ. ಈಗ ಇನ್ನೊಂದು ಕನಿಷ್ಠವನ್ನು ಪಕ್ಕಕ್ಕಿಟ್ಟು ನೋಡಿ. 2025ರಲ್ಲಿ ಆ ದೇಶದ ಕನಿಷ್ಠ ಕೂಲಿ ವಾರಕ್ಕೆ 221 ಯೂರೊ 78 ಸೆಂಟು. ತಿಂಗಳಿಗೆ ಲೆಕ್ಕ ಹಾಕಿದರೆ 961 ಯೂರೊ. ಒಬ್ಬ ಹೊರಗಿನವನ ಕನಿಷ್ಠ ಬಾಡಿಗೆಯನ್ನು ಕೊಟ್ಟರೆ ಇನ್ನೊಬ್ಬ ಹೊರಗಿನವನ ಕನಿಷ್ಠ ಕೂಲಿಯಲ್ಲಿ ಉಳಿಯುವುದು ದಿನಕ್ಕೆ ಐದು ಯೂರೊ ಚಿಲ್ಲರೆ.

ಹಣ ಹೂಡಿದವರಿಗೆ ಪೌರತ್ವವನ್ನೇ ಕೊಡುವ ಪದ್ಧತಿಯೂ 2014ರಿಂದ ಇತ್ತು. ಅದು ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಯೂರೋಪಿನ ನ್ಯಾಯಾಲಯ 2025ರ ಏಪ್ರಿಲ್ 29ರಂದು ತೀರ್ಪಿತ್ತಾಗ ನಾನು ಅಲ್ಲಿಯೇ ಇದ್ದೆ. ಮ್ಸಿದದ ನಮ್ಮ ಮನೆಯಲ್ಲಿ ಆ ಸುದ್ದಿ ಯಾರನ್ನೂ ತಟ್ಟಲಿಲ್ಲ. ಹುಡುಗಿಯರಿಗೆ ಅಂದು ರಾತ್ರಿಪಾಳಿ.

ಈ ಎರಡನೆಯ ಬಗೆಯ ಹೊರಗಿನವರು ಯಾವಾಗ ಬಂದರು? ತೀರ ಈಚೆಗೆ. 2011ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆ 4,17,432. ಅದರಲ್ಲಿ ವಿದೇಶಿಯರು ಇಪ್ಪತ್ತು ಮಂದಿಗೆ ಒಬ್ಬರಂತೆ. ಹತ್ತೇ ವರ್ಷಗಳ ಮೇಲೆ, 2021ರಲ್ಲಿ, ಜನಸಂಖ್ಯೆ 5,19,562. ವಿದೇಶಿಯರು ಐದು ಮಂದಿಗೆ ಒಬ್ಬರಿಗಿಂತಲೂ ಹೆಚ್ಚು. ಒಂದು ಲಕ್ಷ ಜನ ಹತ್ತು ವರ್ಷಗಳಲ್ಲಿ ಒಂದು ತಾಲ್ಲೂಕಿನಷ್ಟು ನೆಲಕ್ಕೆ ಬಂದಿಳಿದರೆ ಏನಾದೀತೆಂಬುದನ್ನು ಊಹಿಸಿಕೊಳ್ಳಿ. ಅಂತರಜಾಲದ ಜೂಜಿನ ಕಂಪನಿಗಳಿಗೆಂದು 2004ರಲ್ಲಿ ನಿಯಮಗಳನ್ನು ರೂಪಿಸಿದ ಮೇಲೆ ಯೂರೋಪಿನ ತರುಣರು ಒಳ್ಳೆಯ ಸಂಬಳಕ್ಕೆ ಬಂದರು. ಅವರಿಗೆ ಮನೆ ಕಟ್ಟಲು, ಊಟ ಬಡಿಸಲು, ಟ್ಯಾಕ್ಸಿ ಓಡಿಸಲು, ದ್ವೀಪದ ಮುದುಕರನ್ನು ಆರೈಕೆ ಮಾಡಲು ಭಾರತದಿಂದ, ನೇಪಾಳದಿಂದ, ಫಿಲಿಪ್ಪೀನ್ಸಿನಿಂದ ಜನ ಬಂದರು. ಬೆನ್ನಿಗೆ ದೊಡ್ಡ ಚೌಕದ ಚೀಲ ಕಟ್ಟಿಕೊಂಡು ಊಟ ಒಯ್ಯುವ ಮೋಟಾರು ಸೈಕಲಿನ ಹುಡುಗರು ಕೆಂಪುದೀಪದ ಬಳಿ ನಿಂತಾಗ ಪಂಜಾಬಿಯೂ ಮಲೆಯಾಳವೂ ಕಿವಿಗೆ ಬೀಳುತ್ತವೆ. ಕನ್ನಡ ನನಗೆ ಕೇಳಿಸಿದ್ದು ನಾಲ್ಕೈದು ಬಾರಿ ಮಾತ್ರ.

ಸರಿ, ಪುಸ್ತಕವನ್ನು ತೆರೆಯೋಣ. 2025ರ ಏಪ್ರಿಲ್ ತಿಂಗಳು. ಜಮೆ: ತೆರಿಗೆ ಮುಂತಾದುವು ಕಳೆದು ಕೈಗೆ ಬಂದ ಸಂಬಳ 1,350 ಯೂರೊ. ಖರ್ಚು: ಮನೆಯ ಬಾಡಿಗೆ 1,260ರಲ್ಲಿ ಮೂರನೆಯ ಒಂದು ಪಾಲು 420. ದೀಪ ಮತ್ತು ನಲ್ಲಿನೀರು 45. ಊಟದ ಸಾಮಾನು 190. ಕುಡಿಯುವ ನೀರು, ಅಡುಗೆ ಅನಿಲ 20. ದೂರವಾಣಿ 15. ಹೊರಗಿನ ತಿಂಡಿ, ಒಂದು ಕಾಫಿ, ಒಂದು ಹುಟ್ಟುಹಬ್ಬದ ಕೇಕು, ಎಲ್ಲ ಸೇರಿ 25. ಬಸ್ಸು, ಸೊನ್ನೆ. ಈ ಸೊನ್ನೆಯನ್ನು ಅವಳು ಬಿಡದೆ ಬರೆಯುತ್ತಾಳೆ. 2022ರ ಅಕ್ಟೋಬರಿನಿಂದ ಅಲ್ಲಿನ ನಿವಾಸಿಗಳಿಗೆ, ಚೀಟಿ ಪಡೆದ ವಿದೇಶಿಯರೂ ಸೇರಿ, ಬಸ್ ಪ್ರಯಾಣ ಉಚಿತ. ಒಟ್ಟು 715. ಊರಿಗೆ ಕಳುಹಿಸಿದ್ದು 500. ಪರವಾನಗಿಯ ನವೀಕರಣಕ್ಕೂ ವಿಮಾನದ ಟಿಕೇಟಿಗೂ ತೆಗೆದಿರಿಸಿದ್ದು 135. ಉಳಿಕೆ ಎಂದು ಬರೆದು ಮುಂದೆ ಒಂದು ಗೆರೆ ಎಳೆದಿದ್ದಾಳೆ.

ಊಟದ ಸಾಮಾನಿನಲ್ಲಿ ನಾನು ನಿರೀಕ್ಷಿಸಿದ ಭಯಂಕರವಾದ ತುಟ್ಟಿ ಕಾಣಲಿಲ್ಲ. ಅಕ್ಕಿ ಬೇಳೆಗಳು ನಮ್ಮವರ ಅಂಗಡಿಯಲ್ಲಿ ದೊರೆಯುತ್ತವೆ. ತೆಂಗಿನಕಾಯಿ ಒಂದಕ್ಕೆ ಎರಡು ಯೂರೊ ಎಂದಾಗ ನನ್ನ ಕೈ ಹಿಂದೆ ಸರಿಯಿತೆಂಬುದು ಬೇರೆ ಮಾತು. ಹಾಲು, ಮೊಟ್ಟೆ, ಆಲೂಗಡ್ಡೆ, ಅಲ್ಲಿನ ಗಟ್ಟಿ ಹೊರಪದರದ ಒಳ್ಳೆಯ ರೊಟ್ಟಿ, ಇವು ಸಂಬಳಕ್ಕೆ ಹೋಲಿಸಿದರೆ ದುಬಾರಿಯಲ್ಲ. ಪಸ್ತಿತ್ಸಿ ಎಂಬ ಒಂದು ತಿಂಡಿಯುಂಟು. ಪದರಪದರದ ಹಿಟ್ಟಿನೊಳಗೆ ಗಿಣ್ಣಿನಂಥ ರಿಕೋತ್ತಾ ಅಥವಾ ಬಟಾಣಿಯ ಹೂರಣ. ಅರ್ಧ ಯೂರೊವಿನ ಆಸುಪಾಸಿನಲ್ಲಿ ಒಂದು ಸಿಗುತ್ತದೆ. ಎರಡು ತಿಂದರೆ ಒಂದು ಹೊತ್ತು ಕಳೆಯಿತು. ಧಾರಣೆ ತೀರ ಏರಿದಾಗ ಸರಕಾರ ಸುಮ್ಮನಿರುವುದೂ ಇಲ್ಲ. 2024ರಲ್ಲಿ ಆಮದುದಾರರೊಡನೆ ಒಪ್ಪಂದ ಮಾಡಿಕೊಂಡು ಕೆಲವು ಆಹಾರಪದಾರ್ಥಗಳ ಬೆಲೆಯನ್ನು ನೂರಕ್ಕೆ 15ರಷ್ಟು ಇಳಿಸಿತು. ರೊಟ್ಟಿಗಾಗಿ ರಕ್ತ ಹರಿದ ಊರು ರೊಟ್ಟಿಯನ್ನು ಮರೆತಿಲ್ಲ. ಕಣ್ಣು ಕೀಳುವ ತುಟ್ಟಿ ಇರುವುದು ತಲೆಯ ಮೇಲಿನ ಸೂರಿನಲ್ಲಿ. ಅದಕ್ಕೆ ಸಾಮಾನಿನ ಸಂತೆಯ ನಿಯಮಗಳಲ್ಲದೆ ಬೇರೆ ನಿಯಮಗಳೂ ಇವೆ.

ಇಲ್ಲಿ ಭಾಷೆಯ ಮೇಷ್ಟರಿಗೆ ಒಂದು ನಿಮಿಷ ಅವಕಾಶ ಕೊಡಬೇಕು. ಮಾಲ್ಟಾದ ಭಾಷೆ ಅರಬ್ಬಿಯ ಕುಲದ್ದು; ಯೂರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಸೆಮಿಟಿಕ್ ಆದುದು ಅದೊಂದೇ. ಬರೆಯುವುದು ರೋಮನ್ ಲಿಪಿಯಲ್ಲಿ. ಅದರಲ್ಲಿ ಬಾಡಿಗೆಗೆ ‘ಕೇರಾ’ ಎನ್ನುತ್ತಾರೆ. ಬೀದರು, ಕಲಬುರ್ಗಿಗಳ ಕಡೆ ನಮ್ಮವರು ‘ಕಿರಾಯಿ’ ಎನ್ನುವುದಿಲ್ಲವೆ? ಎರಡಕ್ಕೂ ಮೂಲ ಒಂದೇ ಅರಬ್ಬಿ ಶಬ್ದ. ನಮ್ಮ ‘ಹಕ್ಕು’ ಅಲ್ಲಿಯೂ ಇದೆ. ನ್ಯಾಯ ಎಂಬ ಅರ್ಥದಲ್ಲಿ. ಬರೆಯುವಾಗ ಪೂರ್ತಿ ಬರೆದು, ನುಡಿಯುವಾಗ ಕೊನೆಯ ಅಕ್ಷರವನ್ನು ಗಂಟಲಿನಲ್ಲಿಯೇ ನುಂಗಿಬಿಡುತ್ತಾರೆ. ಜಮಾಖರ್ಚಿನ ‘ಜಮಾ’ ಯಾವ ಧಾತುವಿನಿಂದ ಬಂದಿತೋ ಅದರಿಂದಲೇ ಅವರ ‘ವಾರ’ ಎಂಬ ಶಬ್ದ ಬಂದಿದೆ. ಕನಿಷ್ಠ ಕೂಲಿಯನ್ನು ಅವರು ವಾರದ ಲೆಕ್ಕದಲ್ಲಿ ಹೇಳುವುದು ಪದದ ಮಟ್ಟಿಗಾದರೂ ಒಪ್ಪುತ್ತದೆ. ಇನ್ನು ಹೊರಗಿನವನಿಗೆ ‘ಬರ್ರಾನಿ’ ಎಂದು ಹೆಸರು. ಅದಕ್ಕೆ ನಮ್ಮ ಪರದೇಶಿಯಂತೆ ಮರುಕದ ಅರ್ಥವಿಲ್ಲ.

ಬಾಡಿಗೆಗೆ ಮರಳೋಣ. ಮನೆ ಹಿಡಿಯುವಾಗ ಒಂದು ತಿಂಗಳ ಬಾಡಿಗೆ ಮುಂಗಡ, ಒಂದು ತಿಂಗಳದು ಠೇವಣಿ, ದಲ್ಲಾಳಿಗೆ ಅರ್ಧ ತಿಂಗಳದು, ಅದರ ಮೇಲೆ ತೆರಿಗೆ. ಬೆಂಗಳೂರಿನ ಹತ್ತು ತಿಂಗಳ ಮುಂಗಡದ ಮುಂದೆ ಇದೇನು ಮಹಾ ಎನ್ನುವಿರಿ. ಮಹಾ ಅಲ್ಲ, ಆದರೆ ವಿಮಾನದಿಂದ ಇಳಿದ ದಿನವೇ ಕೊಡಬೇಕಾದಾಗ, ಕೊಡುವ ಹಣ ಊರಿನ ಸಹಕಾರಿ ಸಂಘದ ಸಾಲವಾಗಿದ್ದಾಗ, ಅದರ ತೂಕ ಬೇರೆ. ಬಾಡಿಗೆದಾರರ ಪರವಾಗಿ ಕಾನೂನು ಇಲ್ಲದಿಲ್ಲ. 2020ರ ಜನವರಿಯಿಂದ ಎಲ್ಲ ಬಾಡಿಗೆಯ ಕರಾರುಗಳನ್ನೂ ನೋಂದಾಯಿಸಬೇಕು, ದೀರ್ಘಕಾಲದ ಕರಾರು ಒಂದು ವರ್ಷಕ್ಕೆ ಕಡಿಮೆ ಇರಕೂಡದು, ಮುಗಿಯುವ ಮೂರು ತಿಂಗಳು ಮೊದಲೇ ರಿಜಿಸ್ಟರ್ಡ್ ಪತ್ರದ ಮೂಲಕ ತಿಳಿಸದೆ ಬಿಡಿಸಕೂಡದು. ಒಳ್ಳೆಯ ಕಾನೂನೇ. ಆದರೆ ವರ್ಷ ತುಂಬಿದ ಮೇಲೆ ಹೊಸ ಕರಾರಿನ ಬಾಡಿಗೆಯನ್ನು ಹೇಳುವವರು ಮನೆಯವರೇ.

ವಿದ್ಯುತ್ತಿನದು ಇನ್ನೊಂದು ಕಥೆ. ವಾಸದ ಮನೆಗೆ ಒಂದು ದರ, ವಾಸವಿಲ್ಲದ ಎರಡನೆಯ ಮನೆಗೆ ಹೆಚ್ಚಿನ ದರ. ವಾಸದ ಮನೆಗೆ ಅಲ್ಲಿರುವ ಜನರ ಸಂಖ್ಯೆಗೆ ತಕ್ಕ ರಿಯಾಯಿತಿಯೂ ಉಂಟು. ಬಾಡಿಗೆದಾರರ ಹೆಸರುಗಳು ಖಾತೆಗೆ ಸೇರಿಲ್ಲವಾದರೆ ಮನೆಯನ್ನು ಎರಡನೆಯ ಬಗೆಯದೆಂದು ಎಣಿಸುತ್ತಾರೆ. ನಮ್ಮ ಮೂವರು ಹುಡುಗಿಯರು ಏಳು ತಿಂಗಳು ಹಗಲಿರುಳು ವಾಸವಾಗಿದ್ದ ಮನೆ ಕಾಗದದಲ್ಲಿ ಯಾರೂ ವಾಸವಿಲ್ಲದ ಮನೆಯಾಗಿತ್ತು. ಅವರು ಬೇಯಿಸಿ ತಿಂದ ಅನ್ನಕ್ಕೆ ಇಲ್ಲದವರ ದರ ಬಿದ್ದಿತ್ತು. ಅರ್ಜಿ ತುಂಬಿ ಮನೆಯೊಡತಿಯ ಬಳಿ ಸಹಿಗೆ ಹೋದಾಗಲೆಲ್ಲ ಆಕೆ ‘ಮುಂದಿನ ವಾರ’ ಎನ್ನುತ್ತಿದ್ದಳಂತೆ. ನಾನಿದ್ದಾಗ ಸಹಿ ಬಿತ್ತು. ಬಿಳಿಗೂದಲಿನ ಮೇಷ್ಟರೊಬ್ಬರು ಜೊತೆಗೆ ಹೋದದ್ದರಿಂದ ಎಂದು ಹುಡುಗಿಯರ ನಂಬಿಕೆ. ಹಾಗೇನಿಲ್ಲ, ಆಕೆಗೆ ಅಂದು ಬಿಡುವಿತ್ತು.

ಆ ಮನೆಯೊಡತಿಯನ್ನು ದುಷ್ಟಳೆಂದು ತಿಳಿಯಬೇಡಿ. ಕೆಳಗಿನ ಅಂತಸ್ತಿನಲ್ಲಿ ಆಕೆಯ ವಾಸ. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಸಂಜೆ ಬಾಗಿಲ ಮುಂದೆ ಕುರ್ಚಿ ಹಾಕಿ ಕುಳಿತು, ನನಗೂ ಒಂದು ಕುರ್ಚಿ ಹಾಕಿಸಿ, ಸೊಗಸಾದ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದಳು. ಗಂಡ ಹಡಗುಕಟ್ಟೆಯಲ್ಲಿ ದುಡಿದವನು, ತೀರಿಕೊಂಡಿದ್ದಾನೆ. ಇಬ್ಬರು ಅಣ್ಣಂದಿರು ಮೆಲ್ಬೋರ್ನಿಗೆ ಹೋಗಿ ಅಲ್ಲಿಯವರೇ ಆದರು. ಎರಡನೆಯ ಮಹಾಯುದ್ಧದ ತರುವಾಯ ಮಾಲ್ಟಾದ ಸಾವಿರಾರು ಸಂಸಾರಗಳು ಆಸ್ಟ್ರೇಲಿಯಾ, ಇಂಗ್ಲೆಂಡು, ಕೆನಡಾಗಳಿಗೆ ಹೊಟ್ಟೆಪಾಡಿಗೆ ಹೊರಟಿದ್ದವು; ಪರದೇಶಿಯ ಬಾಳು ಅವರಿಗೆ ಹೊಸತಲ್ಲ. ‘ನಮ್ಮಣ್ಣ ಮೊದಲ ವರ್ಷ ಐದು ಮಂದಿಯೊಡನೆ ಒಂದು ಕೋಣೆಯಲ್ಲಿ ಇದ್ದ’ ಎಂದಳು. ಮೇಲಿನ ಹುಡುಗಿಯರನ್ನು ನೋಡಿದಾಗ ಅದು ನೆನಪಾಗುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ತನ್ನ ಮಗನ ಮಾತೆತ್ತಿದಳು. ಮೂವತ್ತನಾಲ್ಕು ವರ್ಷ, ಶಾಲೆಯ ಉಪಾಧ್ಯಾಯ, ಮದುವೆಯಾಗಬೇಕೆಂದರೆ ಮನೆ ಇಲ್ಲ. ಆ ಸಂಬಳಕ್ಕೆ ಬ್ಯಾಂಕು ಕೊಡುವ ಸಾಲದಲ್ಲಿ ಈ ಊರಿನಲ್ಲಿ ಎರಡು ಕೋಣೆಯೂ ಬರುವುದಿಲ್ಲ. ಹೊರಗಿನವರು ಬಂದು ಬೆಲೆ ಏರಿಸಿದರು ಎಂದು ಆಕೆಯ ದೂರು. ಆದರೆ ಆಕೆಯ ಪಿಂಚಣಿಯ ಕೊರತೆಯನ್ನು ತುಂಬುವುದು ಮೇಲಿನ ಮನೆಯ 1,260 ಯೂರೊ. ಮಗನಿಗೆ ಮನೆ ಎಟುಕದಂತೆ ಮಾಡಿದ ಬೆಲೆಯೇ ತಾಯಿಗೆ ಅನ್ನ ಹಾಕುತ್ತಿದೆ. ಈ ಗಂಟನ್ನು ಬಿಚ್ಚುವ ಬಗೆ ನನಗೆ ತೋರಲಿಲ್ಲ. ಆಕೆಗೂ ತೋರಿರಲಿಲ್ಲ.

ತುಟ್ಟಿಭತ್ಯೆಯ ವಿಷಯವಾಗಿ ಒಂದು ಮಾತು ಹೇಳದಿದ್ದರೆ ನನ್ನಂಥ ಪಿಂಚಣಿದಾರ ತನ್ನ ವರ್ಗಕ್ಕೆ ದ್ರೋಹ ಬಗೆದಂತಾದೀತು. ನಮ್ಮಲ್ಲಿ ತುಟ್ಟಿಭತ್ಯೆ ಮೂಲವೇತನದ ಶೇಕಡಾವಾರು. ದೊಡ್ಡ ಸಂಬಳದವನಿಗೆ ದೊಡ್ಡ ತುಟ್ಟಿ, ಜವಾನನಿಗೆ ಸಣ್ಣ ತುಟ್ಟಿ. ಇಬ್ಬರೂ ಕೊಳ್ಳುವ ಅಕ್ಕಿ ಒಂದೇ ಬೆಲೆಯದಾದರೂ ಸರಿಯೆ. ಮಾಲ್ಟಾದಲ್ಲಿ 1990ರಿಂದ ಬೇರೆ ಪದ್ಧತಿ. ಪ್ರತಿ ವರ್ಷ ಬೆಲೆಗಳ ಏರಿಕೆಯನ್ನು ಅಳೆದು, ಎಲ್ಲ ನೌಕರರಿಗೂ ವಾರಕ್ಕೆ ಇಷ್ಟು ಎಂದು ಒಂದೇ ಮೊತ್ತವನ್ನು ಕೂಡಿಸುತ್ತಾರೆ. ಬ್ಯಾಂಕಿನ ಮ್ಯಾನೇಜರನಿಗೂ ಅಷ್ಟೆ, ಬ್ಯಾಂಕಿನ ನೆಲ ಒರಸುವವಳಿಗೂ ಅಷ್ಟೆ, ದೇಶದವರಿಗೂ ಅಷ್ಟೆ, ಹೊರಗಿನವರಿಗೂ ಅಷ್ಟೆ. 2023ರಲ್ಲಿ ವಾರಕ್ಕೆ 9 ಯೂರೊ 90 ಸೆಂಟು, 2024ರಲ್ಲಿ 12 ಯೂರೊ 81 ಸೆಂಟು, 2025ರಲ್ಲಿ 5 ಯೂರೊ 24 ಸೆಂಟು. ಈ ಸಮತೆ ನನಗೆ ಬಹಳ ಮೆಚ್ಚುಗೆಯಾಯಿತು. ಆದರೆ ಸಾಮಾನಿನ ಬುಟ್ಟಿಯನ್ನು ಅಳೆಯುವಾಗ ಸ್ವಂತ ಮನೆಯಿರುವವರನ್ನೂ ಹಳೆಯ ಕಾಲದ ಬಾಡಿಗೆಯಲ್ಲಿರುವವರನ್ನೂ ಸೇರಿಸಿ ಸರಾಸರಿ ತೆಗೆಯಬೇಕಾಗುತ್ತದೆ. 1995ಕ್ಕೆ ಮೊದಲಿನ ಕರಾರುಗಳ ಬಾಡಿಗೆ ಕಾನೂನಿನ ಕಟ್ಟಿನೊಳಗೇ ಉಳಿದಿತ್ತು. ಬಾಡಿಗೆಯ ಮನೆಯಲ್ಲಿ ನಿನ್ನೆ ಬಂದು ಇಳಿದವಳ ತುಟ್ಟಿ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. 2025ರ ವಾರದ ಐದು ಯೂರೊ ಕಾಲು ನಮ್ಮ ಹುಡುಗಿಗೆ ತಿಂಗಳಿಗೆ ಇಪ್ಪತ್ತಮೂರು ಯೂರೊ ಸೇರಿಸಿತು. ಅದೇ ವರ್ಷ ಹೊಸ ಕರಾರಿನಲ್ಲಿ ಅವಳ ಪಾಲಿನ ಬಾಡಿಗೆ ಏರಿದ್ದು ಮೂವತ್ತು.

ಇದನ್ನೆಲ್ಲ ನಾನು ಇಷ್ಟು ವಿವರವಾಗಿ ಹೇಳಲು ಕಾರಣ, ನಮ್ಮ ಊರುಗಳಲ್ಲಿ ಈಗ ನಡೆಯುತ್ತಿರುವ ಒಂದು ವಿಚಿತ್ರವಾದ ಗಣಿತ. ಯೂರೊ ಎಂದರೆ ಸುಮಾರು ನೂರು ರೂಪಾಯಿ. 1,350 ಯೂರೊ ಎಂದೊಡನೆ ನಮ್ಮಕ್ಕನ ನೆರೆಹೊರೆಯವರು ಒಂದು ಲಕ್ಷ ಮೂವತ್ತೈದು ಸಾವಿರ ಎನ್ನುತ್ತಾರೆ. ಗುಣಾಕಾರ ತಪ್ಪಿಲ್ಲ. ಆದರೆ ಅವರು ಗುಣಿಸುವುದು ಜಮೆಯ ಪುಟವನ್ನು ಮಾತ್ರ. ಒಂದು ಕೋಣೆಗೆ ನಲವತ್ತೆರಡು ಸಾವಿರ ರೂಪಾಯಿ ಎಂದು ಯಾರೂ ಹೇಳುವುದಿಲ್ಲ. ‘ಅಲ್ಲಿ ಕನಿಷ್ಠ ಕೂಲಿಯೇ ಲಕ್ಷದ ಹತ್ತಿರ’ ಎಂದು ನಮ್ಮ ಪೇಟೆಯಲ್ಲಿ ಏಜೆಂಟನೊಬ್ಬ ತಾಯಿತಂದೆಯರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ. ಅದೂ ಸುಳ್ಳಲ್ಲ. ಸುಳ್ಳು ಹೇಳದೆ ಮೋಸ ಮಾಡುವ ಕಲೆ ಅದು. ಮನೆಯಲ್ಲಿದ್ದ ಇನ್ನೊಬ್ಬ ಹುಡುಗಿ ಹೀಗೆಯೇ ಬಂದವಳು. ಬರುವ ಮುನ್ನ ಅವಳ ತಂದೆ ಏಜೆಂಟನಿಗೆ ಕಟ್ಟಿದ್ದು ಐದು ಲಕ್ಷ ರೂಪಾಯಿ, ಅಡಕೆ ತೋಟದ ಮೇಲಿನ ಸಾಲ. ಎರಡು ವರ್ಷಗಳಿಂದ ಅವಳು ಕಳುಹಿಸುವ ಹಣ ಮನೆಗೆ ಹೋಗುತ್ತಿಲ್ಲ, ಸೊಸೈಟಿಗೆ ಹೋಗುತ್ತಿದೆ. ಅವಳ ಪರವಾನಗಿಯ ಚೀಟಿ ಅವಳನ್ನು ಕೆಲಸಕ್ಕಿಟ್ಟುಕೊಂಡವರ ಹೆಸರಿಗೆ ಕಟ್ಟಿಕೊಂಡಿದೆ. ಹೆಚ್ಚಿನ ಸಂಬಳ ಪಕ್ಕದ ಬೀದಿಯಲ್ಲೇ ಸಿಕ್ಕರೂ ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಕಾಯುವಿಕೆ. ಆದ್ದರಿಂದ ಅವಳು ಇದ್ದಲ್ಲೇ ಇದ್ದಾಳೆ. ಈ ಖರ್ಚನ್ನು ಯಾವ ಬೆಲೆಸೂಚಿಯೂ ಬರೆದುಕೊಳ್ಳುವುದಿಲ್ಲ. ಕೈಬಿಟ್ಟ ಹೆಚ್ಚಿನ ಸಂಬಳವೂ ಒಂದು ಖರ್ಚೇ ಎಂದು ನಾನೆಂದರೆ, ನಮ್ಮ ಹುಡುಗಿ ಅದನ್ನು ಯಾವ ಕಲಮಿನಲ್ಲಿ ಬರೆಯಲಿ ಎಂದು ನಕ್ಕಳು.

ಹಾಗಾದರೆ ಹೋಗಬಾರದೆಂದು ಹೇಳುತ್ತಿದ್ದೇನೆಯೆ? ಇಲ್ಲ. ಸೋದರಸೊಸೆಯನ್ನೇ ಕೇಳಿದೆ, ವಾಪಸು ಬರುತ್ತೀಯಾ ಎಂದು. ‘ಮಾವ, ಅಲ್ಲಿ ನರ್ಸಿಂಗ್ ಹೋಮಿನಲ್ಲಿ ಹದಿನೆಂಟು ಸಾವಿರಕ್ಕೆ ಹನ್ನೆರಡು ತಾಸು ನಿಲ್ಲಿಸ್ತಿದ್ರು. ಇಲ್ಲಿ ಎಂಟು ತಾಸಿಗೆ ಮನೆಗೆ ಕಳಿಸ್ತಾರೆ. ಅಮ್ಮನ ಮಂಡಿಯ ಆಪರೇಷನ್ನು ಈ ದುಡ್ಡಲ್ಲೇ ಆದದ್ದು’ ಎಂದಳು. ತಿಂಗಳಿಗೆ ಕಳುಹಿಸುವ 500 ಯೂರೊ ಅವಳ ಪುಸ್ತಕದಲ್ಲಿ ಖರ್ಚಿನ ಕಡೆ ಇದೆ. ಅಕ್ಕನ ಮನೆಯಲ್ಲಿ ಅದು ಜಮೆ. ಎರಡು ಪುಸ್ತಕಗಳನ್ನೂ ಓದಿದವನು ನಾನೊಬ್ಬನೆ. ಹೋಗುವವರು ಹೋಗಲಿ, ಎರಡು ಪುಟಗಳನ್ನೂ ನೂರರಿಂದ ಗುಣಿಸಿ ನೋಡಿ ಹೋಗಲಿ ಎಂಬಷ್ಟೇ ನನ್ನ ಬಿನ್ನಹ.

ಮೊನ್ನೆ ಅವಳ ಪತ್ರ ಬಂದಿದೆ. ಕರಾರಿನ ವರ್ಷ ಮುಗಿಯಲು ಮೂರು ತಿಂಗಳಿರುವಾಗ ಮನೆಯೊಡತಿಯ ರಿಜಿಸ್ಟರ್ಡ್ ಪತ್ರ ಕೈಸೇರಿತಂತೆ. ಒಂದೇ ಕಟ್ಟಡದ ಕೆಳಗಿನ ಅಂತಸ್ತಿನಿಂದ ಮೇಲಿನ ಅಂತಸ್ತಿಗೆ ಅಂಚೆಯ ಮೂಲಕ. ಮುಂದಿನ ವರ್ಷಕ್ಕೆ 1,400. ಹುಡುಗಿಯರು ಈಗ ದಕ್ಷಿಣದ ಜಬ್ಬಾರ್ ಎಂಬ ಊರಿನ ಕಡೆ ಮನೆ ಹುಡುಕುತ್ತಿದ್ದಾರೆ. ಅಲ್ಲಿ ಬಾಡಿಗೆ ಸ್ವಲ್ಪ ಕಡಿಮೆ, ಬಸ್ಸಂತೂ ಉಚಿತ. ಆದರೆ ಬೆಳಗಿನ ಪಾಳಿ ಏಳಕ್ಕೆ ಶುರು. ವಲೆಟ್ಟಾದಲ್ಲಿ ಬಸ್ಸು ಬದಲಾಯಿಸಿ ಹೋಗಬೇಕು, ಐದಕ್ಕೆ ಮೊದಲೇ ಏಳಬೇಕು ಎಂದು ಬರೆದಿದ್ದಾಳೆ.